ಹೆಡ್ ಇಳಿಸಿದ ಮೇಲಿನ ಮಾತು

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ವಸತಿ ಪ್ರದೇಶಗಳಲ್ಲಿ ಮನೆ ಮುಂದೆ ನಿಲ್ಲುವ ಕಾರುಗಳ ಬಹುಪಾಲು ಓಡಾಟ ಊರೊಳಗಿನ ಚಿಕ್ಕ ದೂರಗಳದ್ದಾಗಿರುವುದರಿಂದ, ಅವುಗಳ ರೇಡಿಯೇಟರಿನಲ್ಲೋ ನೀರಿನ ಪಂಪಿನಲ್ಲೋ ಅಡಗಿರುವ ದೋಷ ಬೇಸಿಗೆಯಲ್ಲಿ ಹೆದ್ದಾರಿ ಹಿಡಿದು ಚಿತ್ರದುರ್ಗದ ಕಡೆಗೋ ಹುಬ್ಬಳ್ಳಿಯ ಕಡೆಗೋ ಹೊರಟಾಗಲೇ ಬಯಲಾಗುವುದು ಸಾಮಾನ್ಯ. ಹಾಗೆ ‘ಹೀಟ್ ಆಗಿ’ ನಿಂತ ಕಾರನ್ನು ಗ್ಯಾರೇಜಿಗೆ ಎಳೆದು ತಂದಾಗ, ಇಂಜಿನ್ ಕೆಲಸ ಮಾಡಿಸುವುದೋ ಇಂಜಿನ್ನನ್ನೇ ಬದಲಿಸುವುದೋ ಎಂಬ ಪ್ರಶ್ನೆ ಮಾಲೀಕರ ಮುಂದೆ ಬರುತ್ತದೆ. ಉತ್ತರ ಹೇಳುವವರು ಮೆಕ್ಯಾನಿಕ್ ಆದರೂ, ಆ ಉತ್ತರಕ್ಕೆ ಆಧಾರವಾಗುವ ಅಳತೆಗಳು ಸಿಗುವುದು ಇಂಜಿನ್ ಭಾಗಗಳನ್ನು ಕೆತ್ತಿ ಸರಿಪಡಿಸುವ ಲೇತ್ ಅಂಗಡಿಯಲ್ಲಿ. ಹೊರಗಿನ ಗಿರಾಕಿಗೆ ಹೆಚ್ಚು ಪರಿಚಯವಿಲ್ಲದ ಕಸುಬು ಇದು.

ಈ ಕಸುಬಿಗೆ ದಾವಣಗೆರೆ-ಹರಿಹರದ ಸೀಮೆಯಲ್ಲಿ ಹಳೆಯ ಹಿನ್ನೆಲೆಯಿದೆ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಹರಿಹರದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲೇ, 1941ರಲ್ಲಿ, ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು, ಅಂದರೆ ತಿರುಗುವ ಲೋಹದ ತುಂಡನ್ನು ಉಳಿಯಿಂದ ಕೆತ್ತಿ ಬೇಕಾದ ಅಳತೆಗೆ ತರುವ ಯಂತ್ರಗಳನ್ನು ತಯಾರಿಸುತ್ತಿತ್ತು. 1951ರಲ್ಲಿ ದಾವಣಗೆರೆಗೆ ಎಂಜಿನಿಯರಿಂಗ್ ಕಾಲೇಜೂ ಬಂತು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕಗಳೇ ಕಳೆದಿದ್ದರೂ ‘ಕಿರ್ಲೋಸ್ಕರ್ ಲೇತ್’ ಎಂಬ ಹೆಸರು ಚಿಕ್ಕ ವರ್ಕ್‌ಶಾಪುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಭದ್ರಾ ನಾಲೆಯ ಅಚ್ಚುಕಟ್ಟಿನ ಟ್ರ್ಯಾಕ್ಟರುಗಳು, ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಲಾರಿಗಳು ಬೇಡುವ ಕೆಲಸವನ್ನೇ ಕಾರಿನ ಇಂಜಿನ್ ಕೂಡ ಬೇಡುತ್ತದೆ; ಅಳತೆಗಳು ಮಾತ್ರ ಇನ್ನಷ್ಟು ಸೂಕ್ಷ್ಮ.

ಕಾರಿನ ಇಂಜಿನ್ ಸಹಜವಾಗಿ ಕೆಲಸ ಮಾಡುವುದು ಸುಮಾರು 90 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಕೂಲೆಂಟ್ ಎಂಬ ಗ್ಲೈಕಾಲ್ ಬೆರೆಸಿದ ನೀರು ಇಂಜಿನ್ನಿನ ಒಳದಾರಿಗಳಲ್ಲಿ ಹರಿದು ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡದಿಂದಾಗಿ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸಡಿಲಗೊಂಡರೆ, ಉಷ್ಣತೆಗೆ ತಕ್ಕಂತೆ ತೆರೆಯುವ ಥರ್ಮೋಸ್ಟಾಟ್ ಕವಾಟ ಮುಚ್ಚಿಯೇ ಉಳಿದರೆ, ಅಥವಾ ಕೂಲೆಂಟಿನ ಬದಲು ವರ್ಷಗಟ್ಟಲೆ ಸುರಿದ ಕೊಳವೆಬಾವಿಯ ಗಡಸು ನೀರು ಒಳಗೆಲ್ಲ ಸುಣ್ಣದಂಥ ಪದರ ಕಟ್ಟಿದರೆ, ಬಿಸಿ ಹೊರಹೋಗುವ ದಾರಿ ತಪ್ಪುತ್ತದೆ. ಆಗ ಮೊದಲು ಪೆಟ್ಟು ತಿನ್ನುವುದು ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕಿಗೆ ಬೋಲ್ಟುಗಳಿಂದ ಬಿಗಿದ ಅಲ್ಯೂಮಿನಿಯಂ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಮತ್ತು ತಣಿದ ಮೇಲೂ ಆ ಬಾಗು ಪೂರ್ತಿ ಹೋಗುವುದಿಲ್ಲ. ಎರಡರ ನಡುವಿನ ಹೆಡ್ ಗ್ಯಾಸ್ಕೆಟ್ ಎಂಬ ತೆಳು ತಗಡು ಅಲ್ಲಿಗೆ ತನ್ನ ಹಿಡಿತ ಕಳೆದುಕೊಳ್ಳುತ್ತದೆ.

ಹಾನಿ ಎಷ್ಟಾಗಿದೆ ಎಂಬುದಕ್ಕೆ ಉಷ್ಣತೆ ತೋರಿಸುವ ಮುಳ್ಳು ಎಷ್ಟು ಮೇಲೇರಿತ್ತು ಎನ್ನುವುದಕ್ಕಿಂತ, ಕೆಂಪು ಮುಟ್ಟಿದ ಮೇಲೆ ಕಾರು ಎಷ್ಟು ದೂರ ಓಡಿತು ಎನ್ನುವುದೇ ಮುಖ್ಯ. ನೀರೆಲ್ಲ ಖಾಲಿಯಾದಾಗ ಉಷ್ಣತೆ ಅಳೆಯುವ ಸೆನ್ಸರ್ ಬರಿಯ ಆವಿಯಲ್ಲಿ ನಿಂತು ಮುಳ್ಳನ್ನು ಕೆಳಗಿಳಿಸುವುದೂ ಉಂಟು. ಇಳಿದ ಮುಳ್ಳನ್ನು ನಂಬಿ ಮನೆಯವರೆಗೆ ಓಡಿಸಿದವರ ಇಂಜಿನ್ನುಗಳೇ ಹೆಚ್ಚಾಗಿ ಪಿಸ್ಟನ್ ಹಿಡಿದು, ಗ್ಯಾರೇಜಿನ ಮಾತಿನಲ್ಲಿ ‘ಸೀಜ್’ ಆಗಿ, ಬರುತ್ತವೆ.

ಇಂಜಿನ್ ಬಿಚ್ಚುವ ಮೊದಲೇ ತಿಳಿಯಬಹುದಾದ ಸಂಗತಿಗಳು ಕಡಿಮೆಯೇನಲ್ಲ. ಡಿಪ್‌ಸ್ಟಿಕ್ಕಿಗೆ ಅಂಟಿದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಕೂಲೆಂಟ್ ಸೇರಿದೆ ಎಂದರ್ಥ. ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ಅಳೆದಾಗ ಅಕ್ಕಪಕ್ಕದ ಎರಡರಲ್ಲಿ ಮಾತ್ರ ಅದು ಕುಸಿದಿದ್ದರೆ ಗ್ಯಾಸ್ಕೆಟ್ ಆ ನಡುವೆ ಸುಟ್ಟಿರುವ ಸಾಧ್ಯತೆ ಹೆಚ್ಚು. ರೇಡಿಯೇಟರಿನ ಬಾಯಿಗೆ ಹಿಡಿದ ನಳಿಗೆಯಲ್ಲಿನ ನೀಲಿ ದ್ರಾವಣ ಹಳದಿಯಾದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದೆ ಎಂಬುದು ಖಚಿತ. ಇವು ಯಾವುವನ್ನೂ ಮಾಡದೆ, ಬಾನೆಟ್ ಎತ್ತಿದ ಕೂಡಲೇ ‘ಇಂಜಿನ್ ಹೋಯ್ತು, ಬೇರೆ ಹಾಕಿಸಿ’ ಎನ್ನುವ ಸಲಹೆಯನ್ನು ಗಿರಾಕಿ ಒಪ್ಪಬೇಕಾಗಿಲ್ಲ.

ನಿಜವಾದ ತೀರ್ಮಾನ ಆಗುವುದು ಹೆಡ್ ಇಳಿಸಿದ ಮೇಲೆ. ಹಳೆಯ ಗ್ಯಾಸ್ಕೆಟ್ಟಿನ ಮಸಿಯನ್ನು ಕೆರೆದು ತೆಗೆದ ಹೆಡ್ಡನ್ನು ತಲೆಕೆಳಗಾಗಿ ಮಲಗಿಸಿ, ಅದರ ಕೆಳಮುಖದ ಮೇಲೆ ನಿಖರವಾದ ಉಕ್ಕಿನ ಪಟ್ಟಿಯೊಂದನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಪಟ್ಟಿಗೂ ಹೆಡ್ಡಿಗೂ ನಡುವೆ ಫೀಲರ್ ಗೇಜಿನ, ಅಂದರೆ ಬೇರೆ ಬೇರೆ ದಪ್ಪದ ಉಕ್ಕಿನ ಎಸಳುಗಳ ಕಟ್ಟಿನ, ಎಸಳುಗಳನ್ನು ಒಂದೊಂದಾಗಿ ತೂರಿಸಿ ನೋಡಲಾಗುತ್ತದೆ. ಅನೇಕ ಚಿಕ್ಕ ಕಾರುಗಳಲ್ಲಿ ತಯಾರಕರು ಒಪ್ಪುವ ಬಾಗು 0.05 ಮಿಲಿಮೀಟರ್ ಮಾತ್ರ. ಅದಕ್ಕಿಂತ ದಪ್ಪನೆಯ ಎಸಳು ಸಲೀಸಾಗಿ ಒಳಹೋದರೆ ಹೆಡ್ಡಿಗೆ ‘ಫೇಸಿಂಗ್’ ಬೇಕು, ಅಂದರೆ ಯಂತ್ರದಲ್ಲಿ ಅದರ ಮುಖವನ್ನು ತೆಳುವಾಗಿ ಹೆರೆದು ಸಮತಟ್ಟು ಮಾಡಬೇಕು. ಹೆರೆಯುವುದಕ್ಕೂ ಮಿತಿಯಿದೆ: ಹೆಚ್ಚು ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ, ಡೀಸೆಲ್ ಇಂಜಿನ್ನಿನಲ್ಲಿ ವಾಲ್ವುಗಳು ಪಿಸ್ಟನ್ನಿಗೆ ತಾಗುವಷ್ಟು ಹತ್ತಿರ ಬರುತ್ತವೆ. ಇದಕ್ಕಿಂತಲೂ ಸುಲಭವಾಗಿ ಕಣ್ತಪ್ಪುವುದು ಇನ್ನೊಂದು: ಹೆಡ್ಡಿನ ಮೇಲೆ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ, ಕೂರುವ ಇಂಜಿನ್ನುಗಳಲ್ಲಿ ಕೆಳಮುಖ ಬಾಗಿದಾಗ ದಂಡದ ಆಸನಗಳೂ ಸಾಲು ತಪ್ಪಿರುತ್ತವೆ, ಆದ್ದರಿಂದ ಕೆಳಗಷ್ಟೇ ಹೆರೆದು ಕೈತೊಳೆದುಕೊಂಡರೆ ದಂಡ ಬಿಗಿಯಾಗಿ ತಿರುಗಿ ಸವೆಯುತ್ತದೆ. ಆಸನಗಳಲ್ಲಿ ಕೂರಿಸಿದ ದಂಡ ಕೈಯಲ್ಲೇ ಸರಾಗವಾಗಿ ತಿರುಗುತ್ತದೆಯೇ ಎಂದು ನೋಡದೆ ಹೆಡ್ಡನ್ನು ಮರಳಿ ಏರಿಸಬಾರದು. ವಾಲ್ವುಗಳ ನಡುವಣ ಸೂಕ್ಷ್ಮ ಬಿರುಕನ್ನು ಹುಡುಕಲು ಹೆಡ್ಡಿನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಬಿರುಕು ಬಿಟ್ಟ ಹೆಡ್ಡನ್ನು ವೆಲ್ಡ್ ಮಾಡಿಸುವುದಕ್ಕಿಂತ ಬೇರೆ ಹೆಡ್ ಹಾಕಿಸುವುದು ಲೇಸು. ಆದರೆ ಹೆಡ್ ಬದಲಾಯಿತೆಂದ ಮಾತ್ರಕ್ಕೆ ಇಡೀ ಇಂಜಿನ್ ಬದಲಾಗಬೇಕಾಗಿಲ್ಲ.

ಇಂಜಿನ್ನಿನ ಹಣೆಬರಹ ನಿಂತಿರುವುದು ಬ್ಲಾಕಿನ ಮೇಲೆ. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಉದ್ದ ಗೀರುಗಳು ಕಂಡರೆ, ಕಬ್ಬಿಣದ ಬ್ಲಾಕಾಗಿದ್ದಲ್ಲಿ ಲೇತ್ ಅಂಗಡಿ ಅದಕ್ಕೆ ‘ಬೋರ್ ಹೊಡೆದು’, ಅಂದರೆ ಗೋಡೆಯನ್ನು ಸ್ವಲ್ಪ ಅಗಲಗೊಳಿಸಿ, 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಬಹುದು, ಇಲ್ಲವೇ ಹೊಸ ಲೈನರ್, ಅಂದರೆ ಗೋಡೆಯಾಗುವ ಒಳಕೊಳವೆ, ಇಳಿಸಬಹುದು. ಇಂಥ ಇಂಜಿನ್ ಒಳ್ಳೆಯ ಕೈಗೆ ಸಿಕ್ಕರೆ ಮತ್ತೆ ವರ್ಷಗಳ ಕಾಲ ದುಡಿಯುತ್ತದೆ. ಮಾರುತಿಯ ಕೆ-ಸರಣಿಯಂಥ ಅಲ್ಯೂಮಿನಿಯಂ ಬ್ಲಾಕಿನ ಹಗುರ ಇಂಜಿನ್ನುಗಳ ಕಥೆ ಬೇರೆ: ಇಂಥ ಬ್ಲಾಕುಗಳಲ್ಲಿ ಕಬ್ಬಿಣದ ಲೈನರ್ ತೆಳ್ಳಗಿರುತ್ತದೆ, ಎಲ್ಲ ಮಾದರಿಗಳಿಗೂ ದೊಡ್ಡ ಅಳತೆಯ ಪಿಸ್ಟನ್ ಸಿಗುವುದೂ ಇಲ್ಲ. ಹಳೆಯ ಕಸುಬಿನ ಕೈ ಕಟ್ಟಿಹೋಗುವುದು ಇಲ್ಲಿಯೇ, ಮತ್ತು ಬದಲಿಸುವ ಮಾತು ನ್ಯಾಯವಾಗುವುದೂ ಇಲ್ಲಿಯೇ.

ಬದಲಿಸುವುದಾದರೆ ಕಂಪನಿಯಿಂದ ‘ಹಾಫ್ ಇಂಜಿನ್’, ಅಂದರೆ ಪಿಸ್ಟನ್, ಕ್ರ್ಯಾಂಕ್ ಸಮೇತವಾದ ಬ್ಲಾಕ್, ತರಿಸುವುದು ಒಂದು ದಾರಿ. ಗುಜರಿಗೆ ಬಂದ ಕಾರಿನ ಇಂಜಿನ್ ಕೊಳ್ಳುವುದು ಇನ್ನೊಂದು. ಗುಜರಿಯ ಇಂಜಿನ್ ಅಗ್ಗವೇ ಸರಿ, ಆದರೆ ಅದೂ ಹೀಟ್ ಆಗಿಯೇ ಅಲ್ಲಿಗೆ ಬಂದಿರಬಹುದಾದ್ದರಿಂದ ಕಂಪ್ರೆಷನ್ ಅಳೆಯದೆ ದುಡ್ಡು ಕೊಡುವುದು ಜಾಣತನವಲ್ಲ. ಯಾವ ದಾರಿ ಹಿಡಿದರೂ ರೇಡಿಯೇಟರ್, ಥರ್ಮೋಸ್ಟಾಟ್, ಮುಚ್ಚಳ, ಫ್ಯಾನ್‌ಗಳಲ್ಲಿ ಮೂಲ ದೋಷ ಯಾವುದೆಂದು ಕಂಡುಹಿಡಿಯದಿದ್ದರೆ ಹೊಸ ಇಂಜಿನ್ ಕೂಡ ಅದೇ ಗತಿ ಕಾಣುತ್ತದೆ.

ಖರ್ಚಿನ ಲೆಕ್ಕಕ್ಕೆ ಕಾರಿನ ವಯಸ್ಸೂ ಸೇರುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಅವಧಿಯದಾಗಿದ್ದು, ಆಮೇಲೆ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೆ ನವೀಕರಿಸಬೇಕಾದ್ದರಿಂದ, ಹದಿಮೂರು ವರ್ಷದ ಕಾರಿಗೆ ಹೊಸ ಹಾಫ್ ಇಂಜಿನ್ ತರಿಸುವುದಕ್ಕಿಂತ ಹೆಡ್ ಕೆಲಸದಲ್ಲಿ ಮುಗಿಸುವುದು, ಅದು ಸಾಧ್ಯವಿಲ್ಲದಿದ್ದರೆ ಕಾರನ್ನೇ ಮಾರುವುದು ಲೆಕ್ಕಕ್ಕೆ ಕೂಡಿಬರುತ್ತದೆ. ಸಾಮಾನ್ಯ ವಿಮೆ ಯಾಂತ್ರಿಕ ಕೆಡುಕನ್ನು ಹೊರಗಿಡುವುದರಿಂದ ಅಲ್ಲಿಂದ ಹಣ ಬರುವ ಭರವಸೆ ಬೇಡ. ಇಂಜಿನ್ ಬದಲಿಸಿದವರು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ 14 ದಿನಗಳೊಳಗೆ ಅದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೆಎ-17ರ ಕಾರುಗಳಿಗೆ ಅದು ದಾವಣಗೆರೆಯ ಆರ್‌ಟಿಒ ಕಚೇರಿ. ಗುಜರಿಯ ಇಂಜಿನ್ ಕೊಂಡವರಿಗೆ ಅಲ್ಲಿ ಆ ಇಂಜಿನ್ ಬಂದ ಮೂಲ ಕಾರಿನ ಕಾಗದಪತ್ರಗಳೂ ಬೇಕಾಗುತ್ತವೆ, ಆದ್ದರಿಂದ ಅವುಗಳನ್ನು ಮಾರುವವರಿಂದ ಕೇಳಿ ಪಡೆಯಬೇಕಾದುದು ಹಣ ಎಣಿಸುವುದಕ್ಕೆ ಮೊದಲು.