ವಿಡಿಯೋದಿಂದ ಧ್ವನಿ ಬೇರ್ಪಡಿಸುವ ಸರಿಯಾದ ಕ್ರಮ: ವರ್ತಕರಿಗೂ ಸ್ಟುಡಿಯೋ ಮಾಲೀಕರಿಗೂ ಕೆಲವು ಮಾಹಿತಿ

ಇಂದಿನ ವ್ಯಾಪಾರದಲ್ಲಿ ಪ್ರಚಾರವು ನಾಮಫಲಕ ಮತ್ತು ಕರಪತ್ರಗಳಿಗೆ ಸೀಮಿತವಾಗಿ ಉಳಿದಿಲ್ಲ. ಹಾಸನದ ಸಣ್ಣ ಕೈಗಾರಿಕಾ ಘಟಕವಿರಲಿ, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರವಿರಲಿ, ಅರಕಲಗೂಡಿನ ಬಿತ್ತನೆ ಬೀಜದ ಅಂಗಡಿಯಿರಲಿ, ಹೊಳೆನರಸೀಪುರದ ಜವಳಿ ಮಳಿಗೆಯಿರಲಿ, ತಮ್ಮ ಸರಕನ್ನು ವಿಡಿಯೋದಲ್ಲಿ ಚಿತ್ರೀಕರಿಸಿ ಗ್ರಾಹಕರಿಗೆ ತಲುಪಿಸುವುದು ರೂಢಿಗೆ ಬಂದಿದೆ. ಅದೇ ವಿಡಿಯೋದ ಮಾತನ್ನು ಆಕಾಶವಾಣಿಯ ಜಾಹೀರಾತಿಗೋ ಆಟೋ ಪ್ರಚಾರಕ್ಕೋ ಬಳಸಬೇಕೆಂದಾಗ ಧ್ವನಿಯನ್ನು ಪ್ರತ್ಯೇಕಿಸುವ ಅಗತ್ಯ ಬೀಳುತ್ತದೆ. ಕೆಲಸ ಸುಲಭವೆಂದು ತೋರಿದರೂ ಕ್ರಮ ತಪ್ಪಿದರೆ ಖರ್ಚು ಮಾಡಿದ ಹಣಕ್ಕೆ ತಕ್ಕ ಫಲ ದೊರೆಯುವುದಿಲ್ಲ. ಈ ಹಿನ್ನೆಲೆಯಲ್ಲಿ ಸದಸ್ಯ ಬಾಂಧವರ ಉಪಯೋಗಕ್ಕಾಗಿ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂಕೋಚನ ಎಂದರೇನು?

ಡಿಜಿಟಲ್ ಯಂತ್ರವು ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳ ರೂಪದಲ್ಲಿ ದಾಖಲಿಸುತ್ತದೆ. ಆಡಿಯೋ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ, ವಿಡಿಯೋದಲ್ಲಿ ಸಾಮಾನ್ಯವಾಗಿ 48,000 ಬಾರಿ ಈ ಅಳತೆ ನಡೆಯುತ್ತದೆ. ಅಳೆದ ಅಂಕಿಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡರೆ ಅದು ಸಂಕೋಚನವಿಲ್ಲದ ಧ್ವನಿ. ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1991ರಲ್ಲಿ ಬಳಕೆಗೆ ತಂದ ‘ವೇವ್’ ಮಾದರಿಯ ಕಡತದಲ್ಲಿ ಸಾಮಾನ್ಯವಾಗಿ ಇಂತಹ ಧ್ವನಿಯೇ ಇರುತ್ತದೆ. 48,000 ಅಳತೆ, 16 ಬಿಟ್, ಎರಡು ವಾಹಿನಿಯ ಇಂತಹ ಧ್ವನಿಗೆ ನಿಮಿಷಕ್ಕೆ ಸುಮಾರು 11.5 ಎಂ.ಬಿ., ಗಂಟೆಗೆ ಸುಮಾರು 690 ಎಂ.ಬಿ. ಸ್ಥಳ ಬೇಕು.

ಸ್ಥಳ ಉಳಿಸುವ ಸಲುವಾಗಿ, ಕಿವಿಗೆ ಅಷ್ಟಾಗಿ ಗೋಚರಿಸದ ಅಂಶಗಳನ್ನು ಕೈಬಿಟ್ಟು ಕಡತವನ್ನು ಕಿರಿದುಗೊಳಿಸುವುದೇ ಸಂಕೋಚನ. ಎಂ.ಪಿ.3 ಮತ್ತು ಎ.ಎ.ಸಿ. ಈ ವರ್ಗಕ್ಕೆ ಸೇರಿದವು. 128 ಕಿಲೋಬಿಟ್ ದರದ ಎ.ಎ.ಸಿ. ಧ್ವನಿಗೆ ನಿಮಿಷಕ್ಕೆ 1 ಎಂ.ಬಿ.ಯಷ್ಟೂ ಬೇಕಾಗದು. ಕೇಳುವುದಕ್ಕೆ ಇದು ಸಾಕು. ಆದರೆ ಸಂಕಲನಕ್ಕೆ ತಕ್ಕುದಲ್ಲ. ಪ್ರತಿ ಬಾರಿ ತಿದ್ದಿ ಎಂ.ಪಿ.3 ಆಗಿ ಉಳಿಸಿದಾಗಲೂ ಮತ್ತಷ್ಟು ಅಂಶ ನಷ್ಟವಾಗುತ್ತದೆ. ಬಿಲ್ಲಿನ ಜೆರಾಕ್ಸ್ ಪ್ರತಿಯನ್ನೇ ಮತ್ತೆ ಮತ್ತೆ ಜೆರಾಕ್ಸ್ ಮಾಡಿಸಿದರೆ ಅಕ್ಷರ ಮಾಸುವಂತೆ, ಇಲ್ಲಿ ಮಾತಿನ ಸ್ಪಷ್ಟತೆ ಮಾಸುತ್ತದೆ. ಆದುದರಿಂದಲೇ ಮೊದಲು ಧ್ವನಿಯನ್ನು ವೇವ್ ರೂಪಕ್ಕೆ ತಂದುಕೊಂಡು, ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಮ್ಮೆ ಮಾತ್ರ ಸಂಕೋಚಿಸಬೇಕೆಂಬುದು ನಿಯಮ.

ಮೂಲದಲ್ಲಿ ಇದ್ದಷ್ಟೇ ದೊರೆಯುವುದು

ಇಲ್ಲೊಂದು ತಪ್ಪು ತಿಳುವಳಿಕೆಯನ್ನು ನಿವಾರಿಸುವುದು ಅಗತ್ಯ. ಮೊಬೈಲ್ ಫೋನುಗಳು ಸಾಮಾನ್ಯವಾಗಿ ಧ್ವನಿಯನ್ನು ಎ.ಎ.ಸಿ. ರೂಪದಲ್ಲಿ ಸಂಕೋಚಿಸಿಯೇ ದಾಖಲಿಸುತ್ತವೆ. ಅದನ್ನು ವೇವ್ ಆಗಿ ಪರಿವರ್ತಿಸಿದಾಗ ಕಡತದ ಗಾತ್ರ ಹತ್ತಾರು ಪಟ್ಟು ಹೆಚ್ಚಬಹುದು, ಗುಣಮಟ್ಟ ಹೆಚ್ಚದು. ಕೊಬ್ಬರಿಯನ್ನು ದೊಡ್ಡ ಚೀಲಕ್ಕೆ ತುಂಬಿದ ಮಾತ್ರಕ್ಕೆ ತೂಕ ಹೆಚ್ಚುವುದಿಲ್ಲವಷ್ಟೆ! ಮುಂದಿನ ನಷ್ಟ ತಪ್ಪುವುದೇ ಇದರ ಲಾಭ.

ಮೂಲದ ಬಗೆಯನ್ನು ಅರಿಯುವುದು ಇದೇ ಕಾರಣಕ್ಕೆ ಮುಖ್ಯ. ಅನೇಕ ಡಿ.ಎಸ್.ಎಲ್.ಆರ್. ಕ್ಯಾಮೆರಾಗಳು ವಿಡಿಯೋದೊಂದಿಗೆ ಸಂಕೋಚನವಿಲ್ಲದ ಧ್ವನಿಯನ್ನು ದಾಖಲಿಸುತ್ತವೆ. ಇವುಗಳಿಂದ ಮೂಲ ಧ್ವನಿಯು ಯಥಾವತ್ತಾಗಿ ದೊರೆಯುತ್ತದೆ. ವಾಟ್ಸಾಪ್ ಮೂಲಕ ವಿಡಿಯೋ ಆಗಿ ಕಳುಹಿಸಿದ ಕಡತವು ಮಾರ್ಗಮಧ್ಯದಲ್ಲಿ ಮತ್ತೊಮ್ಮೆ ಸಂಕೋಚನಗೊಳ್ಳುತ್ತದೆ. ಸ್ಟುಡಿಯೋಗೆ ಕಳುಹಿಸುವಾಗ ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸಬೇಕು, ಇಲ್ಲವೇ ಪೆನ್ ಡ್ರೈವ್‌ನಲ್ಲಿ ಕೊಡಬೇಕು.

ಹಳೆಯ ಟೇಪುಗಳ ವಿಚಾರ

ನಮ್ಮ ಸ್ಟುಡಿಯೋ ಮಾಲೀಕರು ವಿಶೇಷವಾಗಿ ಗಮನಿಸಬೇಕಾದುದು ಹಳೆಯ ಮಿನಿ ಡಿ.ವಿ. ಟೇಪುಗಳನ್ನು. 2006ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆದ ಕಾಲಕ್ಕೆ ಈ ಟೇಪುಗಳು ವ್ಯಾಪಕ ಬಳಕೆಯಲ್ಲಿದ್ದವು. 2018ರ ಮಹಾಮಸ್ತಕಾಭಿಷೇಕದ ವೇಳೆಗೆ ಮೆಮೊರಿ ಕಾರ್ಡ್ ಅವುಗಳ ಸ್ಥಾನವನ್ನು ಆಕ್ರಮಿಸಿತ್ತು. ಮದುವೆ, ಗೃಹಪ್ರವೇಶ, ಅಂಗಡಿಯ ಪ್ರಾರಂಭೋತ್ಸವ, ಸಂಸ್ಥೆಯ ಹಿರಿಯರ ಭಾಷಣ ಮೊದಲಾದವು ಇಂತಹ ಟೇಪುಗಳಲ್ಲಿ ಉಳಿದಿವೆ. ಮಾತನಾಡಿದವರು ಇಂದು ನಮ್ಮೊಡನಿಲ್ಲದಿದ್ದರೆ ಆ ಧ್ವನಿಗೆ ಬೆಲೆ ಕಟ್ಟಲಾಗದು.

ಸಂತೋಷದ ವಿಷಯವೆಂದರೆ, ಮಿನಿ ಡಿ.ವಿ. ಟೇಪಿನಲ್ಲಿ ಧ್ವನಿಯು 48,000 ಅಳತೆ, 16 ಬಿಟ್‌ನಲ್ಲಿ ಸಂಕೋಚನವಿಲ್ಲದೆಯೇ ದಾಖಲಾಗುತ್ತದೆ. ಕ್ಯಾಮೆರಾದಲ್ಲಿ 12 ಬಿಟ್ ಆಯ್ಕೆ ಮಾಡಿದ್ದಲ್ಲಿ ಮಾತ್ರ 32,000 ಅಳತೆಯಲ್ಲಿರುತ್ತದೆ. ಫೈರ್‌ವೈರ್ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡರೆ, ಗಂಟೆಗೆ ಸುಮಾರು 13 ಜಿ.ಬಿ. ಗಾತ್ರದ ಕಡತದೊಳಗೆ ಆ ಧ್ವನಿ ಹಾಗೆಯೇ ಬರುತ್ತದೆ. ಅದೇ ಟೇಪನ್ನು ನೇರವಾಗಿ ಡಿ.ವಿ.ಡಿ.ಗೆ ಇಳಿಸಿ ಮೂಲವನ್ನು ಎಸೆದವರು, ಧ್ವನಿ ಸಂಕೋಚನಗೊಂಡ ಪ್ರತಿಯನ್ನೇ ಉಳಿಸಿಕೊಂಡಿರುವ ಸಂಭವ ಹೆಚ್ಚು. ಟೇಪು ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ, ಅದನ್ನು ನುಡಿಸುವ ಕ್ಯಾಮೆರಾಗಳೂ ವಿರಳವಾಗುತ್ತಿವೆ. ಈ ಕಾರ್ಯವನ್ನು ಮುಂದೂಡುವುದು ಹಿತವಲ್ಲ. ತಾಲ್ಲೂಕು ಕೇಂದ್ರಗಳ ಸ್ಟುಡಿಯೋಗಳಿಗೆ ಇದೊಂದು ಹೊಸ ಆದಾಯದ ಮಾರ್ಗವೂ ಆಗಬಲ್ಲದು.

ಅನುಸರಿಸಬೇಕಾದ ಕ್ರಮ

1. ಮೂಲ ಕಡತದ ಪ್ರತಿಯೊಂದನ್ನು ತೆಗೆದಿರಿಸಿ, ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

2. ‘ಮೀಡಿಯಾಇನ್ಫೋ’ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು ಧ್ವನಿಯ ಬಗೆ, ಅಳತೆ ಹಾಗೂ ವಾಹಿನಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

3. ‘ಎಫ್‌ಎಫ್‌ಎಂಪೆಗ್’ ತಂತ್ರಾಂಶದಿಂದ, ಅಥವಾ ಅದನ್ನು ಪೂರಕವಾಗಿ ಅಳವಡಿಸಿಕೊಂಡ ‘ಅಡಾಸಿಟಿ’ಯಿಂದ ವೇವ್ ಕಡತವನ್ನು ಪಡೆಯಬಹುದು. ಎರಡೂ ಉಚಿತ; ವ್ಯಾಪಾರದ ಬಳಕೆಗೂ ನಿರ್ಬಂಧವಿಲ್ಲ.

4. ಮೂಲದ ಅಳತೆಯನ್ನೇ ಉಳಿಸಿಕೊಳ್ಳಬೇಕು. 48,000ದ ಧ್ವನಿಯನ್ನು ಪರಿವರ್ತಿಸದೆ 44,100 ಎಂದು ತಪ್ಪಾಗಿ ನಮೂದಿಸಿದರೆ, ಒಂದು ಗಂಟೆಯ ಧ್ವನಿಯು 65 ನಿಮಿಷಕ್ಕೂ ಮೀರಿ ಎಳೆದು, ದನಿ ದಪ್ಪಗಾಗಿ, ಚಿತ್ರದ ತುಟಿಚಲನೆಗೆ ಹೊಂದದು.

5. ಧ್ವನಿಯನ್ನು ಮರಳಿ ಚಿತ್ರಕ್ಕೆ ಜೋಡಿಸುವುದಿದ್ದಲ್ಲಿ ಅದರ ಆರಂಭವನ್ನು ಕತ್ತರಿಸಬಾರದು. ಚಿತ್ರೀಕರಣದ ಮೊದಲಲ್ಲೇ ಒಮ್ಮೆ ಚಪ್ಪಾಳೆ ತಟ್ಟಿದರೆ ಮುಂದೆ ಜೋಡಿಸಲು ಅನುಕೂಲ.

6. ಸಾಮಾನ್ಯ ವೇವ್ ಕಡತಕ್ಕೆ 4 ಜಿ.ಬಿ. ಮಿತಿಯುಂಟು. ಮೇಲಿನ ಲೆಕ್ಕದಲ್ಲಿ ಇದು 6 ಗಂಟೆಗಳಷ್ಟಾಗುತ್ತದೆ. ದೀರ್ಘ ಸಮಾರಂಭಗಳನ್ನು ಭಾಗಗಳಾಗಿ ವಿಂಗಡಿಸುವುದು ಒಳಿತು.

ಚಿತ್ರೀಕರಣದಲ್ಲಿಯೇ ಎಚ್ಚರ

ಕಾರ್ಖಾನೆಯಲ್ಲಿ ಯಂತ್ರದ ಪ್ರಾತ್ಯಕ್ಷಿಕೆಯನ್ನು ಚಿತ್ರೀಕರಿಸುವವರು ಮಾತು ಆರಂಭಿಸುವ ಮುನ್ನ ಯಂತ್ರದ ಸದ್ದನ್ನಷ್ಟೇ ಹತ್ತು ಸೆಕೆಂಡು ದಾಖಲಿಸಿಕೊಳ್ಳಬೇಕು. ತಂತ್ರಾಂಶವು ಈ ಮಾದರಿಯನ್ನು ಆಧರಿಸಿ ಒಂದೇ ಸಮನಾದ ಗದ್ದಲವನ್ನು ತಗ್ಗಿಸಬಲ್ಲದು. ಆಗೊಮ್ಮೆ ಈಗೊಮ್ಮೆ ಕೇಳಿಬರುವ ವಾಹನಗಳ ಹಾರ್ನನ್ನು ತೆಗೆಯುವುದು ಕಷ್ಟ. ಮಿತಿಮೀರಿದ ಮಟ್ಟದಲ್ಲಿ ದಾಖಲಾಗಿ ಒಡೆದ ಧ್ವನಿಯನ್ನಂತೂ ಪೂರ್ತಿ ಸರಿಪಡಿಸಲಾಗದು.

ಕಾನೂನಿನ ಅಂಶಗಳು

ಚಲನಚಿತ್ರದ ವಿಡಿಯೋದಿಂದ ಹಾಡನ್ನು ಬೇರ್ಪಡಿಸುವುದು ತಾಂತ್ರಿಕವಾಗಿ ಸುಲಭವಾದರೂ, ಹಕ್ಕುದಾರರ ಅನುಮತಿಯಿಲ್ಲದೆ ಅದನ್ನು ಜಾಹೀರಾತಿಗೆ ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ ಉಲ್ಲಂಘನೆಯಾದೀತು. ಹಾಡಿನ ಹಕ್ಕು ಮತ್ತು ಅದರ ಧ್ವನಿಮುದ್ರಣದ ಹಕ್ಕು ಬೇರೆ ಬೇರೆ ಎಂಬುದನ್ನೂ ನೆನಪಿಡಬೇಕು. ಸ್ಥಳೀಯ ಕಲಾವಿದರಿಂದ ಸ್ವಂತ ಸಂಗೀತ ಮಾಡಿಸಿ, ಹಕ್ಕನ್ನು ಲಿಖಿತವಾಗಿ ಪಡೆದುಕೊಳ್ಳುವುದು ಕ್ಷೇಮಕರ. ಆಟೋ ಪ್ರಚಾರ ಕೈಗೊಳ್ಳುವವರು 2000ದ ಶಬ್ದಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಪಡೆಯಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಅದರ ಬಳಕೆಗೆ ನಿಷೇಧವಿದೆ.

ಒಟ್ಟಿನಲ್ಲಿ ಮೂಲವನ್ನು ಕಾಪಾಡುವುದು, ಸಂಕೋಚನವಿಲ್ಲದ ಪ್ರತಿಯಲ್ಲಿ ತಿದ್ದುವುದು, ಕೊನೆಗೊಮ್ಮೆ ಮಾತ್ರ ಸಂಕೋಚಿಸುವುದು ಈ ಕೆಲಸದ ತಿರುಳು. ಜಾಹೀರಾತನ್ನು ಒಪ್ಪಿಸುವ ಮುನ್ನ ಯಾವ ಮಾದರಿಯ ಕಡತ ಬೇಕೆಂದು ಬಾನುಲಿ ಕೇಂದ್ರದವರನ್ನು ಅಥವಾ ಕೇಬಲ್ ವಾಹಿನಿಯವರನ್ನು ವಿಚಾರಿಸಿಕೊಳ್ಳಬೇಕು. ವೇವ್ ಪ್ರತಿಯು ಕೈಯಲ್ಲಿದ್ದರೆ ಯಾರು ಯಾವ ಮಾದರಿಯನ್ನು ಕೇಳಿದರೂ ಅದರಿಂದಲೇ ಸಿದ್ಧಪಡಿಸಿಕೊಡಬಹುದು.