ಯಾಣದ ಸುಣ್ಣದ ಕಲ್ಲು, ನಮ್ಮೂರ ಸುಣ್ಣದ ಕಲ್ಲು

'ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗ್ತಾನೆ' ಅಂತ ಉತ್ತರ ಕನ್ನಡದ ಕಡೆ ಒಂದು ಗಾದೆ ಇದೆ. ಹಿಂದೆ ಯಾಣಕ್ಕೆ ಹೋಗಬೇಕಾದರೆ ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಿತ್ತು. ಕಾಲಲ್ಲಿ ಕಸುವು, ಎದೆಯಲ್ಲಿ ಧೈರ್ಯ ಇದ್ದವನಿಗೇ ಆ ದಾರಿ. ಈಗ ಗುಡ್ಡದ ಹತ್ತಿರದವರೆಗೆ ರಸ್ತೆ ಆಗಿದೆ. ಮುಂದೆ ಕಾಲುದಾರಿ, ಮೆಟ್ಟಿಲು. ಕಳೆದ ಡಿಸೆಂಬರಿನಲ್ಲಿ ಹಿಂಗಾರಿ ಕಡಲೆಗೆ ಎಡೆ ಹೊಡೆದು ಸ್ವಲ್ಪ ಬಿಡುವಾದಾಗ ನಮ್ಮೂರಿನ ಐದು ಮಂದಿ ರೈತರು ಕೂಡಿ ಹೋಗಿ ನೋಡಿ ಬಂದೆವು.

ಬರೀ ಪ್ರವಾಸಕ್ಕೆ ಹೋದದ್ದಲ್ಲ. ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ತಾಲೂಕು, ಲೋಕಾಪುರದ ಸುತ್ತಿನ ಸೀಮೆ. ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ನಮ್ಮಲ್ಲಿ ಸುಣ್ಣದ ಕಲ್ಲೆಂದರೆ ಒಡೆಯುವುದು, ಭಟ್ಟಿಯಲ್ಲಿ ಸುಡುವುದು, ಸಿಮೆಂಟಿಗೆ ಲಾರಿ ತುಂಬುವುದು. ಈಗ ನಮ್ಮೂರ ದನ ಮೇಯುವ ಗುಡ್ಡವನ್ನೂ ಗಣಿಗೆ ಕೊಡುವ ಮಾತು ಎದ್ದಿದೆ. ಊರಲ್ಲಿ ಅರ್ಧ ಮಂದಿ ಕೊಡೋಣ ಅಂತಾರೆ, ಅರ್ಧ ಮಂದಿ ಬೇಡ ಅಂತಾರೆ. ಇದೇ ಜಾತಿಯ ಕಲ್ಲು ಒಡೆಯದೆ ನಿಂತ ಜಾಗ ಹೇಗಿರುತ್ತದೆ ನೋಡೋಣ ಎಂದು ಹೊರಟೆವು.

ಕಲ್ಲು, ಕಾಡು, ಹೊಳೆ

ಯಾಣ ಇರುವುದು ಕುಮಟಾ ತಾಲೂಕಿನಲ್ಲಿ, ಸಹ್ಯಾದ್ರಿಯ ಕಾಡಿನೊಳಗೆ. ಶಿರಸಿಯಿಂದ ಸುಮಾರು 40 ಕಿ.ಮೀ. ದಾರಿಯಲ್ಲಿ ನಡೆಯುತ್ತಾ ಹೋದರೆ ಮೊದಲು ಏನೂ ಕಾಣುವುದಿಲ್ಲ, ಬರೀ ಮರ. ಒಮ್ಮೆಲೇ ಮರಗಳ ಮೇಲೆ ಕಪ್ಪು ಕಲ್ಲಿನ ಗೋಡೆ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್. ಸುತ್ತಲೂ ಇಂಥವೇ ಸಣ್ಣಪುಟ್ಟ ಬಂಡೆಗಳು ಹತ್ತಾರು.

ವರ ಕೊಟ್ಟ ಶಿವನನ್ನೇ ಬೆನ್ನಟ್ಟಿದ ಭಸ್ಮಾಸುರ, ಮೋಹಿನಿಯ ಕುಣಿತಕ್ಕೆ ಮರುಳಾಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಸುಟ್ಟು ಬೂದಿಯಾದ ಜಾಗ ಇದು ಎಂದು ನಂಬಿಕೆ. ಅಲ್ಲಿಯ ಮಣ್ಣು ಕಪ್ಪಗಿರುವುದಕ್ಕೂ ಅದೇ ಕಥೆ. ದೊಡ್ಡ ಶಿಖರದ ಬುಡದಲ್ಲಿ ಗುಹೆ, ಒಳಗೆ ಉದ್ಭವ ಲಿಂಗ. ಲಿಂಗದ ಮೇಲೆ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತದೆ. ಶಿವರಾತ್ರಿಗೆ ಜಾತ್ರೆ ನಡೆಯುತ್ತದೆ. ಪಕ್ಕದಲ್ಲಿ ಹರಿಯುವ ಚಂಡಿ ಹೊಳೆ ಮುಂದೆ ಅಘನಾಶಿನಿ ನದಿ ಸೇರುತ್ತದೆ.

ಆ ತೊಟ್ಟಿಕ್ಕುವ ನೀರನ್ನು ನಾವು ಐದೂ ಮಂದಿ ಬಹಳ ಹೊತ್ತು ನೋಡಿದೆವು. ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು. ನಮ್ಮ ಗುಡ್ಡದಲ್ಲಿ ಮಳೆ ನಿಂತ ಎರಡು ತಾಸಿಗೆ ಹಳ್ಳ ಒಣಗುತ್ತದೆ.

ನೀರೇ ಕೆತ್ತಿದ ಗುಡ್ಡ

ಇದರ ಲೆಕ್ಕ ಕಷ್ಟದ್ದಲ್ಲ. ಮಳೆ ನೀರು ಬೀಳುವಾಗ ಗಾಳಿಯಿಂದ ಸ್ವಲ್ಪ ಇಂಗಾಲದ ಡೈ ಆಕ್ಸೈಡ್ ಹಿಡಿದುಕೊಳ್ಳುತ್ತದೆ. ನೆಲಕ್ಕೆ ಬಿದ್ದ ಮೇಲೆ ಕೊಳೆಯುವ ತರಗೆಲೆ, ಬೇರುಗಳ ನಡುವೆ ಇಳಿಯುವಾಗ ಇನ್ನೂ ಹೆಚ್ಚು ಹಿಡಿಯುತ್ತದೆ. ಆಗ ಅದು ತೀರಾ ಸೌಮ್ಯವಾದ ಹುಳಿ ನೀರಾಗುತ್ತದೆ. ಆ ನೀರು ಸುಣ್ಣದ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಕೂದಲೆಳೆಯಂಥ ಬಿರುಕು ಸಾವಿರಾರು ವರ್ಷಗಳಲ್ಲಿ ಗವಿಯಾಗುತ್ತದೆ. ಸುತ್ತಲಿನದು ಕರಗಿ ಹೋಗಿ ಗಟ್ಟಿ ಭಾಗ ಶಿಖರವಾಗಿ ಉಳಿಯುತ್ತದೆ.

ಕರಗಿದ ಸುಣ್ಣ ಎಲ್ಲಿ ಹೋಯಿತು ಎಂದರೆ ನೀರಿನ ಜೊತೆ ಹೋಯಿತು. ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೂ ಹೀಗೆ ಕರಗಿ ಬಂದ ಸುಣ್ಣವೇ. ಇದೇ ಜಿಲ್ಲೆಯ ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಹಾಗೆ ತೊಟ್ಟಿಕ್ಕಿದ ಸುಣ್ಣವೇ ಲಿಂಗದ ಆಕಾರಕ್ಕೆ ಬೆಳೆದು ನಿಂತಿದೆ. ಆ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ.

ದಾರಿಯಲ್ಲಿ ಸಿಕ್ಕ ಅಡಿಕೆ ತೋಟದ ಯಜಮಾನರೊಬ್ಬರು ಮಾತಿಗೆ ನಿಂತರು. 'ಎಲ್ಲಿಂದ ಬಂದ್ರಿ? ಬಯಲುಸೀಮೆಯವರಾ?' ಅಂದರು. 'ನಮ್ಮ ಹೊಲದಾಗ ಸುಣ್ಣದ ಹರಳು ಹೆಚ್ಚಾಗಿ ಶೇಂಗಾ ಹಳದಿ ಬೀಳ್ತೈತ್ರಿ' ಅಂದೆ. ಅವರು ನಕ್ಕು, 'ನಾವು ದುಡ್ಡು ಕೊಟ್ಟು ಸುಣ್ಣ ತಂದು ತೋಟಕ್ಕೆ ಹಾಕ್ತೇವೆ ಮಾರಾಯ್ರೆ' ಅಂದರು.

ಮಾತು ನಿಜ. ಕುಮಟಾದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅಷ್ಟು ಮಳೆಗೆ ಮೇಲ್ಮಣ್ಣಿನ ಸುಣ್ಣವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ನಮ್ಮಲ್ಲಿ 550ರಿಂದ 600 ಮಿ.ಮೀ. ಮಳೆ, ಅದಕ್ಕೆ ಸುಣ್ಣ ಎರೆಮಣ್ಣಿನಲ್ಲೇ ಹರಳಾಗಿ ಕೂರುತ್ತದೆ. ಆ ಯಜಮಾನರು ತಮ್ಮ ಸೊಪ್ಪಿನ ಬೆಟ್ಟವನ್ನೂ ತೋರಿಸಿದರು. ತೋಟಕ್ಕೆ ಸೊಪ್ಪು, ದರಕು ತರಲು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಅಲ್ಲಿದೆ. 'ಬೆಟ್ಟ ಬೋಳಾದರೆ ತೋಟ ಉಳಿಯೂದಿಲ್ಲ' ಎಂದು ಅವರು ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ.

ಹೆಜ್ಜೇನು, ಮಂಗಟ್ಟೆ

ಶಿಖರದ ಮೇಲ್ಭಾಗದಲ್ಲಿ ಕಲ್ಲಿಗೆ ಹೆಜ್ಜೇನಿನ ತಟ್ಟಿಗಳು ಜೋತಾಡುತ್ತವೆ. ಹೆಜ್ಜೇನು ಹೂವು ಇದ್ದ ಕಡೆ ವಲಸೆ ಹೋಗುವ ಜಾತಿ. ಸೂರ್ಯಕಾಂತಿ ಬೆಳೆಯುವವರಿಗೆ ಇದರ ಬೆಲೆ ಗೊತ್ತು, ಹುಳ ಬರದಿದ್ದರೆ ತೆನೆಯಲ್ಲಿ ಕಾಳು ಜೊಳ್ಳು. ಎತ್ತರದ ಬಂಡೆ, ದೊಡ್ಡ ಮರ ಇಲ್ಲದಿದ್ದರೆ ಅವಕ್ಕೆ ಮನೆ ಇಲ್ಲ. ಮಂಗಟ್ಟೆ ಹಕ್ಕಿಯೂ ಹಾಗೆ, ದೊಡ್ಡ ಮರದ ಪೊಟರೆಯಲ್ಲೇ ಮರಿ ಮಾಡುತ್ತದೆ. ಹಣ್ಣು ತಿಂದು ಬೀಜ ಉದುರಿಸಿ ಕಾಡು ಬೆಳೆಸುತ್ತದೆ. ನಮಗೆ ಅದರ ರೆಕ್ಕೆಯ ಸಪ್ಪಳ ಕೇಳಿತು, ಕಣ್ಣಿಗೆ ಬೀಳಲಿಲ್ಲ. ಉದ್ದ ಬಾಲದ ಕೆಂಜಳಿಲು ಮಾತ್ರ ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನು ಎಲ್ಲರೂ ನೋಡಿದೆವು.

ನಮಗೆ ಬಂದ ಪಾಠ

ಯಾಣದ ಮಳೆ ನಮಗೆ ಬರುವುದಿಲ್ಲ, ಅಲ್ಲಿಯ ಕಾಡೂ ನಮ್ಮಲ್ಲಿ ಬೆಳೆಯುವುದಿಲ್ಲ. ಆದರೆ ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 550 ಮಿ.ಮೀ.ಗೆ ಲೆಕ್ಕ ಹಾಕಿ, 22 ಲಕ್ಷ ಲೀಟರ್ ಆಗುತ್ತದೆ. ಇದರಲ್ಲಿ ಎಷ್ಟು ಇಂಗಿತು, ಎಷ್ಟು ಓಡಿತು ಎಂಬುದೇ ಪ್ರಶ್ನೆ. ಬಿರುಕಿರುವ ಸುಣ್ಣದ ಕಲ್ಲು ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲೆ ಹುಲ್ಲು, ಗಿಡ, ತರಗು ಇದ್ದರೆ ನೀರು ಅಲ್ಲಿ ನಿಂತು, ಸೋಸಿ, ಇಳಿಯುತ್ತದೆ. ಬೋಳಾದರೆ ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ.

ಅದೇ ಕಾರಣಕ್ಕೆ ಇನ್ನೊಂದು ಎಚ್ಚರ ಬೇಕು. ಇಂಥ ಕಲ್ಲಿನಲ್ಲಿ ಹೊಲಸು ನೀರೂ ಅಷ್ಟೇ ಬೇಗ ಬಾವಿಗೆ ಇಳಿಯುತ್ತದೆ. ಹಳೇ ಗಣಿ ಗುಂಡಿಗೆ ಸತ್ತ ದನ, ಎಣ್ಣೆ ಡಬ್ಬಿ ಎಸೆಯುವ ರೂಢಿ ಬಿಡಬೇಕು.

ಗಣಿಯಿಂದ ಕೂಲಿ ಸಿಗುತ್ತದೆ, ನಾನು ಅಲ್ಲಗಳೆಯುವುದಿಲ್ಲ. ನನ್ನ ಮನೆಯ ಗೋಡೆಗೂ ಸಿಮೆಂಟು ಹತ್ತಿದೆ. ಆದರೆ ಎಲ್ಲ ಕಲ್ಲೂ ಒಂದೇ ಅಲ್ಲ. ಬಾವಿಗಳ ತಲೆಯ ಮೇಲಿರುವ ಗುಡ್ಡ ಬೇರೆ, ದೂರದ ಬರಡು ಬಯಲು ಬೇರೆ. ನೀರಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಗುಂಡಿಗೆ ಬಂದ ನೀರನ್ನು ಪಂಪು ಹಚ್ಚಿ ಹೊರಗೆ ಚೆಲ್ಲಬೇಕಾಗುತ್ತದೆ, ಆಗ ಸುತ್ತಲಿನ ಬಾವಿ ಇಳಿಯುತ್ತವೆ. ಒಡೆದ ಗುಡ್ಡಕ್ಕೆ ಒಂದೇ ಸಲ ಬೆಲೆ.

ದೊಡ್ಡ ಗಣಿಗೆ ಪರಿಸರ ಅನುಮತಿ ಬೇಕು. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಅದಕ್ಕೆ ಮೊದಲು ಜನರ ಅಹವಾಲು ಸಭೆ ನಡೆಸಬೇಕು. ಅಲ್ಲಿ ಬಾಯಿಮಾತಿಗಿಂತ ಬರೆದ ಲೆಕ್ಕ ನಿಲ್ಲುತ್ತದೆ. ಅದಕ್ಕೆ ನಾವು ಐದು ಮಂದಿ ತಿಂಗಳಿಗೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಗುಡ್ಡದ ಕೆಳಗಿನ ಬಾವಿಗಳ ನೀರಿನ ಆಳ ಅಳೆದು ಬರೆದಿಡುತ್ತಿದ್ದೇವೆ. ಗುಡ್ಡದ ಒಂದು ಮಗ್ಗುಲಿಗೆ ದನ ಬಿಡದೆ, ಬೆಂಕಿ ಬೀಳದಂತೆ ಕಾಯೋಣ ಎಂದೂ ಮಾತಾಗಿದೆ. ಸೀತಾಫಲ, ಬೇವು, ಹೊಂಗೆ ಅಲ್ಲಿ ತಾವಾಗಿಯೇ ಚಿಗುರುತ್ತವೆ, ಬಿಟ್ಟರೆ ಸಾಕು.

ನೋಡಲು ಹೋಗುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಇಂಬಳ ಹತ್ತುತ್ತವೆ. ಬಸ್ಸು ಕಡಿಮೆ, ಶಿರಸಿ ಇಲ್ಲವೆ ಕುಮಟಾ ನಿಲ್ದಾಣದಲ್ಲಿ ಮರಳುವ ಬಸ್ಸಿನ ಹೊತ್ತನ್ನೂ ಕೇಳಿಯೇ ಹೊರಡಿ. ಬುತ್ತಿ, ನೀರು ಜೊತೆಗಿರಲಿ, ಪ್ಲಾಸ್ಟಿಕ್ ಮರಳಿ ತನ್ನಿ. ಹೆಜ್ಜೇನಿನ ಕೆಳಗೆ ಹೊಗೆ, ಕೂಗಾಟ, ಕಲ್ಲೆಸೆತ ಬೇಡವೇ ಬೇಡ. ಬಿಡುವಿದ್ದರೆ ಹತ್ತಿರದ ವಿಭೂತಿ ಜಲಪಾತವನ್ನೂ ನೋಡಬಹುದು.

ಸುಣ್ಣದ ಕಲ್ಲಿನ ಸೀಮೆಯ ರೈತರು, ಸೇಡಂ, ಚಿತ್ತಾಪುರದ ಕಡೆಯವರೂ ಸೇರಿ, ನಿಮ್ಮ ಗುಡ್ಡ, ಬಾವಿಗಳ ಅನುಭವ ಈ ಪತ್ರಿಕೆಗೆ ಬರೆಯಿರಿ. ಅಹವಾಲು ಸಭೆಗೆ ಹೋಗುವ ಮೊದಲು ನಮಗೆ ಅದು ಬೇಕಾಗಿದೆ.