ವೃದ್ಧರೂ ಲಸಿಕೆಯ ಪರೀಕ್ಷೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಜನ ದೊಡ್ಡ ಕಾಯಿಲೆ ಬಂದರೆ ಮೈಸೂರಿನ ಆಸ್ಪತ್ರೆಗೆ ಹೋಗುವುದು ರೂಢಿ. ಆ ಮೈಸೂರಿನಲ್ಲಿ, ಜೆ.ಎಸ್.ಎಸ್. ಸಂಸ್ಥೆಯಲ್ಲಿ, ೨೦೨೦ರಲ್ಲಿ ಕೋವಿಶೀಲ್ಡ್ ಲಸಿಕೆಯ ಪರೀಕ್ಷೆ ನಡೆಯಿತು. ಹದಿನೆಂಟು ತುಂಬಿದ ಆರೋಗ್ಯವಂತರು ಅದಕ್ಕೆ ಸ್ವಯಂಸೇವಕರಾಗಬಹುದಾಗಿತ್ತು. ಅಂಥ ಸಂದರ್ಭದಲ್ಲಿ ಅರುವತ್ತೈದು ದಾಟಿದ ತಾತನೊಬ್ಬನು ‘ನಾನೂ ಹೆಸರು ಕೊಡಲೇ?’ ಎಂದು ಕೇಳಿದರೆ ಮನೆಯವರು ಏನೆನ್ನಬೇಕು? ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಪರೀಕ್ಷೆಯೆಂಬುದು ಚಿಕಿತ್ಸೆಯಲ್ಲ, ಇದನ್ನು ಮೊದಲು ಮನಗಾಣಬೇಕು. ಭಾರತದಲ್ಲಿ ನಡೆದ ಕೋವಿಶೀಲ್ಡ್ ಪರೀಕ್ಷೆಗೆ ನಿಗದಿಯಾದವರು ೧,೬೦೦ ಮಂದಿ. ಅವರಲ್ಲಿ ೧,೨೦೦ ಮಂದಿಯ ಗುಂಪಿನಲ್ಲಿ ನಾಲ್ವರಿಗೆ ಮೂವರಂತೆ ಲಸಿಕೆಯನ್ನೂ, ಉಳಿದ ಒಬ್ಬರಿಗೆ ಔಷಧಗುಣವಿಲ್ಲದ ದ್ರವವನ್ನೂ ಕೊಡುವ ಏರ್ಪಾಡಿತ್ತು. ತನಗೆ ದೊರೆತದ್ದು ಯಾವುದೆಂಬುದು ಚುಚ್ಚಿಸಿಕೊಂಡವನಿಗೆ ತಿಳಿಯದು. ಬ್ರಿಟನ್ನಿನ ಸ್ವಯಂಸೇವಕರೊಬ್ಬರು ಅಸ್ವಸ್ಥರಾದಾಗ, ೨೦೨೦ರ ಸೆಪ್ಟೆಂಬರಿನಲ್ಲಿ, ನಮ್ಮ ದೇಶದಲ್ಲಿಯೂ ಈ ಪರೀಕ್ಷೆಯನ್ನು ತಡೆಹಿಡಿದು, ಪರಿಶೀಲನೆಯ ಅನಂತರವೇ ಮುಂದುವರಿಸಿದರು. ಅಪಾಯವಿಲ್ಲವೆಂದಲ್ಲ, ಅದನ್ನು ಗಮನಿಸುವ ಕಣ್ಣಿರುತ್ತದೆ ಎಂದಷ್ಟೇ ಇದರ ಅರ್ಥ.

ವೃದ್ಧರೇ ಏಕೆ ಬೇಕು? ವಯಸ್ಸಾದಂತೆ ದೇಹದ ರೋಗನಿರೋಧಕ ಶಕ್ತಿ ಕುಂದುತ್ತದೆ. ಯುವಕನಲ್ಲಿ ಫಲಿಸಿದ ಲಸಿಕೆ ಮುದುಕನಲ್ಲಿ ಅಷ್ಟೇ ಫಲಿಸುವುದೆಂದು ಹೇಳಬರುವುದಿಲ್ಲ. ಬೆಳಗಾವಿಯಲ್ಲಿಯೂ ಪರೀಕ್ಷೆಗೊಳಗಾದ ಕೋವ್ಯಾಕ್ಸಿನ್ ಲಸಿಕೆಯ ಮೊದಲ ಹಂತದಲ್ಲಿ ೫೫ ಮೀರಿದವರಿಗೆ ಅವಕಾಶವಿರಲಿಲ್ಲ. ಅದರ ಮೂರನೆಯ ಹಂತಕ್ಕೆ ಸೇರಿದ ೨೫,೭೯೮ ಮಂದಿಯಲ್ಲಿ ವೃದ್ಧರು ಸುಮಾರು ಹತ್ತರಲ್ಲೊಬ್ಬರು. ಒಟ್ಟಾರೆ ರಕ್ಷಣೆ ಶೇಕಡ ೭೭.೮ ಎಂದು ಕಂಡಿತು. ಅರುವತ್ತು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ೬೭.೮. ಆದರೆ ಈ ಎರಡನೆಯ ಅಂಕಿಯ ನಿಜವಾದ ಬೆಲೆ ೮ರಿಂದ ೯೦ರ ನಡುವೆ ಎಲ್ಲಿಯಾದರೂ ಇರಬಹುದಾಗಿತ್ತು. ವೃದ್ಧರ ಸಂಖ್ಯೆ ಕಡಮೆಯಾದದ್ದೇ ಈ ಸಂದಿಗ್ಧಕ್ಕೆ ಮುಖ್ಯ ಕಾರಣ. ಜರ್ಮನಿಯ ತಜ್ಞರು ೨೦೨೧ರ ಜನವರಿಯಲ್ಲಿ, ಕೋವಿಶೀಲ್ಡಿನ ಮೂಲವಾದ ಆಸ್ಟ್ರಾಜೆನೆಕಾ ಲಸಿಕೆಯನ್ನು ೬೫ ತುಂಬಿದವರಿಗೆ ಸದ್ಯಕ್ಕೆ ಬೇಡವೆಂದದ್ದೂ ಇಂಥ ಮಾಹಿತಿಯ ಕೊರತೆಯಿಂದಲೇ. ಯಾರಿಗೆ ಸಾವಿನ ಭಯ ಹೆಚ್ಚೋ ಅವರ ವಿಷಯದಲ್ಲಿಯೇ ತಿಳಿವಳಿಕೆ ಕಡಮೆ! ಹಿರಿಯರನ್ನು ಕಾಪಾಡುವ ನೆಪದಲ್ಲಿ ಅವರನ್ನು ಹೊರಗಿಟ್ಟರೆ ಆ ನಷ್ಟವನ್ನು ಹೊರುವವರೂ ಹಿರಿಯರೇ.

ಆದರೆ ಅಗತ್ಯವಿದೆಯೆಂದ ಮಾತ್ರಕ್ಕೆ ಒತ್ತಾಯ ಸಲ್ಲದು. ಈ ಪಾಠವನ್ನು ಇತಿಹಾಸ ಕಲಿಸಿದೆ. ಮುಂಬಯಿಯಲ್ಲಿ ಹಾಫ್ಕಿನ್ ಪ್ಲೇಗಿನ ಲಸಿಕೆಯನ್ನು ೧೮೯೭ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡನು. ಅದೇ ತಿಂಗಳು ಬೈಕುಲ್ಲಾ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷಿಸಿದನು. ಕೈದಿಗಳು ಒಪ್ಪಿದವರೇ ಎನ್ನೋಣ. ಸೆರೆಯಲ್ಲಿರುವವನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಗೆಯೆಂದು ಕರೆಯಬಹುದು?

ಈ ಶಂಕೆಗೆ ಉತ್ತರವಾಗಿ ಇಂದು ಕಾನೂನಿದೆ. ೨೦೧೯ರ ಭಾರತದ ನಿಯಮಗಳಂತೆ, ಪರೀಕ್ಷೆಯ ವಿವರವನ್ನು ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದುಬಾರದವರ ಪಕ್ಷದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯಿರಬೇಕು. ಯಾವಾಗ ಬೇಕಾದರೂ ಹಿಂದೆಗೆಯಬಹುದು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಉಂಟು. ಇಲ್ಲೊಂದು ಸೂಕ್ಷ್ಮವಿದೆ: ಸಾವಿನ ಪರಿಹಾರವನ್ನು ಗುಣಿಸುವ ವಯಸ್ಸಿನ ಅಂಕ ೧೬ ವರ್ಷದವನಿಗೆ ೨೨೮.೫೪, ೬೫ ಮತ್ತು ಮೇಲ್ಪಟ್ಟವರಿಗೆ ೯೯.೩೭. ಕಾರ್ಮಿಕ ಪರಿಹಾರದ ಕಾನೂನಿನಿಂದ ಎರವಲು ಬಂದ ಈ ಲೆಕ್ಕ ದುಡಿಮೆಯ ವರ್ಷಗಳನ್ನು ಅಳೆಯುತ್ತದೆ, ಜೀವದ ಬೆಲೆಯನ್ನಲ್ಲ. ಆದರೂ ಸಹಿ ಹಾಕುವ ಮುನ್ನ ಮನೆಯವರು ಇದನ್ನು ತಿಳಿದಿರಬೇಕು.

ನಮ್ಮ ತಾಲ್ಲೂಕುಗಳಲ್ಲಿ ಸೆರೆಮನೆಯ ಗೋಡೆಯಿಲ್ಲ, ಬೇರೆ ಗೋಡೆಗಳಿವೆ. ಡಾಕ್ಟರಿಗೆ ಎದುರಾಡಬಾರದೆಂಬ ಸಂಕೋಚ ಒಂದು. ಮಗ ಹೇಳಿದಂತೆ ಹೆಬ್ಬೆಟ್ಟು ಒತ್ತುವ ಅಭ್ಯಾಸ ಇನ್ನೊಂದು. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿಗೆ ಆಸ್ಪತ್ರೆಯ ಕನ್ನಡವೂ ದೂರವೇ. ‘ಈ ವಯಸ್ಸಿನಲ್ಲಿ ನಿನಗೇಕಪ್ಪ?’ ಎಂದು ಮಗ ತಡೆದರೂ, ‘ಹೋಗಿ ಬಾ’ ಎಂದು ಕಳುಹಿಸಿದರೂ, ತಾತನ ಮಾತು ಅಲ್ಲಿ ಕೇಳಿಬಂದಿಲ್ಲ.

ಎಷ್ಟೋ ಮನೆಗಳಲ್ಲಿ ಇಂಥ ಕಾಗದವನ್ನು ಓದಿ ಹೇಳಬಲ್ಲವರು ಕಾಲೇಜಿಗೆ ಹೋಗುವ ಮೊಮ್ಮಕ್ಕಳು, ಎಂದರೆ ನಮ್ಮ ವಿದ್ಯಾರ್ಥಿಗಳು. ಮುಂದೊಂದು ಸಾಂಕ್ರಾಮಿಕ ಬಂದಾಗ ಅವರು ಮಾಡಬೇಕಾದದ್ದು ಇಷ್ಟೇ: ಪೂರ್ತಿಯಾಗಿ ಓದುವುದು, ಅಪಾಯವನ್ನು ಮುಚ್ಚಿಡದಿರುವುದು, ಎರಡು ದಿನ ಯೋಚಿಸಲು ಬಿಡುವುದು. ಅನಂತರ ಹಿರಿಯರು ‘ಆಗಲಿ’ ಎಂದರೂ ‘ಬೇಡ’ ಎಂದರೂ ಅದು ಅವರದೇ ಮಾತಾಗಿರುತ್ತದೆ.